ಒಂಬತ್ತು ಗಂಟೆ ಹನ್ನೊಂದು ನಿಮಿಷ

ನಮ್ಮ ವಿಮಾನ ಕ್ಲಬ್ಬಿನ ಪರೀಕ್ಷಕರನ್ನು ಎಲ್ಲರೂ ಬೆನ್ನ ಹಿಂದೆ ತಕ್ಕಡಿ ಎನ್ನುತ್ತಾರೆ. ಅಲ್ಟ್ರಾಲೈಟ್ ವಿಮಾನವೆಂದರೆ ನಾಲ್ಕು ಕೊಳವೆ, ಒಂದಿಷ್ಟು ಬಟ್ಟೆ, ಒಂದು ಪುಟ್ಟ ಇಂಜಿನ್. ಎರಡು ಕೆಜಿ ಹೆಚ್ಚಾದರೂ ಅದು ಮುಖ ಊದಿಸಿಕೊಳ್ಳುತ್ತದೆ. ಆದ್ದರಿಂದ ಹತ್ತುವವರನ್ನೆಲ್ಲ ಅವರು ತೂಗಿಯೇ ಹತ್ತಿಸುತ್ತಾರೆ. ಆಡಿದ ಮಾತನ್ನೂ ತೂಗುತ್ತಾರೆ. ಆ ದಿನ ಬೆಳಿಗ್ಗೆ ಅವರ ಮೇಜಿನ ಮೇಲೆ ಹಾರಾಟದ ಲೆಕ್ಕ ಬರೆಯುವ ಎರಡು ಲಾಗ್ ಪುಸ್ತಕಗಳಿದ್ದವು. ಒಂದು ನನ್ನದು, ಇನ್ನೊಂದು ನನ್ನ ಗಂಡನದು.

"ಒಂದೇ ವಿಮಾನ, ಅವೇ ತಾರೀಕುಗಳು, ಒಟ್ಟು ಹಾರಾಟ ಅದೇ ಒಂಬತ್ತು ಗಂಟೆ ಹನ್ನೊಂದು ನಿಮಿಷ," ಎಂದರು. "ಇದರಲ್ಲಿ ಅವರು ಕ್ಯಾಪ್ಟನ್. ಇದರಲ್ಲಿ ನೀವು ಕ್ಯಾಪ್ಟನ್. ಏನಮ್ಮಾ, ವಿಮಾನದ ಮೇಲೊಂದು ವಿಮಾನ ಕಟ್ಕೊಂಡು ಹಾರಿದ್ರಾ?"

ನಾನು ಗಂಡನ ಮುಖ ನೋಡಿದೆ. ಅವರು ಕೈಗಡಿಯಾರ ನೋಡಿದರು. ಅವರದು ಗಡಿಯಾರ ರಿಪೇರಿ ಅಂಗಡಿ. ಮಾತಿನಲ್ಲಿ ಸಿಕ್ಕಿಬಿದ್ದಾಗಲೆಲ್ಲ ಗಂಟೆ ಎಷ್ಟಾಯಿತೆಂದು ನೋಡುವುದು ಮದುವೆಯಾದಂದಿನಿಂದ ಇರುವ ಚಾಳಿ.

ಈ ಎಡವಟ್ಟಿಗೆಲ್ಲ ಮೂಲ ನಮ್ಮ ಅತ್ತೆ. ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು ಹಾರಬೇಕಾದರೆ ಕ್ಯಾಪ್ಟನ್ ಆಗಿ ಇಪ್ಪತ್ತೈದು ಗಂಟೆ ಹಾರಿರಬೇಕು ಎಂಬುದು ಕ್ಲಬ್ಬಿನ ನಿಯಮ. ಅತ್ತೆಯ ಬಲಗಣ್ಣು ಹೋಗಿ ಎರಡು ವರ್ಷ. ಎಡಗಣ್ಣು ಈ ಬೇಸಿಗೆ ದಾಟುವುದು ಅನುಮಾನ ಎಂದು ಡಾಕ್ಟರು ಹೇಳಿದ ದಿನ ಅವರು ಅಳಲಿಲ್ಲ. "ನಮ್ಮನೆ ಮೇಲಿಂದ ಹೇಗೆ ಕಾಣತ್ತೆ ಅಂತ ಒಂದ್ಸಲ ನೋಡ್ಬೇಕು. ನಿಮ್ಮಲ್ಲಿ ಯಾರು ಮೊದ್ಲು ಇಪ್ಪತ್ತೈದು ಮುಗಿಸ್ತೀರೋ ಅವರ ಜೊತೆ ಹೋಗ್ತೀನಿ," ಎಂದು ಮಗ ಸೊಸೆಯ ನಡುವೆ ಬೆಂಕಿ ಹಚ್ಚಿ ಹಾಯಾಗಿ ಕೂತರು.

ಅವರಿಗೆ ಪೇಪರ್ ಓದಿ ಹೇಳುವವಳು ನಾನು. ಕಿಟಕಿಯಲ್ಲಿ ನಿಂತು, ಬೀದಿಯಲ್ಲಿ ಯಾರು ಯಾರ ಜೊತೆ ಹೋದರೆಂದು ವರದಿ ಒಪ್ಪಿಸುವವಳೂ ನಾನು. ಅವರಿಗೆ ಆಕಾಶ ತೋರಿಸುವವಳೂ ನಾನೇ ಆಗಬೇಕೆಂದು ನನಗೆ ಹಟ ಹಿಡಿಯಿತು. ಆದರೆ ಕ್ಲಬ್ಬಿಗೆ ಇರುವುದೇ ಒಂದು ವಿಮಾನ, ಸರದಿ ಬಂದರೆ ವಾರಕ್ಕೆ ಅರ್ಧ ಗಂಟೆ. ಇಬ್ಬರದೂ ಹದಿನಾರು ಗಂಟೆಗೆ ನಿಂತಿತ್ತು. ಉಳಿದ ಒಂಬತ್ತಕ್ಕೆ ಹದಿನೆಂಟು ವಾರ ಬೇಕು. ಬೇಸಿಗೆ ಮುಗಿಯಲು ಇದ್ದದ್ದು ಹತ್ತೇ ವಾರ.

ಆಗ ಪರದೇಶದ ಯೋಚನೆ ಬಂತು. ಅಲ್ಲಿ ಎರಡು ಸೀಟಿನ ವಿಮಾನ ಬಾಡಿಗೆಗೆ ಸಿಗುತ್ತಿತ್ತು, ಪರವಾನಗಿ ಇರುವ ಇಬ್ಬರು ಜೊತೆಯಾಗಿ ಹಾರಬಹುದಿತ್ತು. ನನ್ನ ಹೊಲಿಗೆ ಅಂಗಡಿಗೂ ಅವರ ಅಂಗಡಿಗೂ ಹತ್ತು ದಿನ ಬೀಗ ಹಾಕಿ ಹೊರಟೆವು. ಭಾಷೆ ಬಾರದೆ ಬೆರಳು ಮಡಿಸಿ ಪೆಟ್ರೋಲ್ ಕೇಳಿದೆವು. ಆ ವಿಮಾನದಲ್ಲಿ ಸೀಟುಗಳು ಅಕ್ಕಪಕ್ಕ, ನಡುವೆ ವಿಮಾನ ನಡೆಸುವ ಒಂದೇ ಹಿಡಿಕೋಲು. ಕೋಲು ಹಿಡಿದವಳು ನಾನು, ಹಾಗಾಗಿ ಕ್ಯಾಪ್ಟನ್ ನಾನು. ನಕ್ಷೆ ಮತ್ತು ಗಡಿಯಾರ ಅವರ ತೊಡೆಯ ಮೇಲೆ, ಹಾಗಾಗಿ ಕ್ಯಾಪ್ಟನ್ ಅವರು. ಇದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಇಳಿದ ಮೇಲೆ ಬೆನ್ನಿಗೆ ಬೆನ್ನು ಹಾಕಿ ಕೂತು ತಂತಮ್ಮ ಪುಸ್ತಕ ತುಂಬಿಸಿದೆವು. ಅಲ್ಲಿನ ಕ್ಲಬ್ಬಿನವರೋ ಇಬ್ಬರ ಹೆಸರನ್ನೂ ಬರೆದು, ಕ್ಯಾಪ್ಟನ್ ಯಾರೆಂದು ಹೇಳದೆ, ಅಡ್ಡಗೋಡೆಯ ಮೇಲೆ ದೀಪವಿಟ್ಟು ಕಳಿಸಿದ್ದರು.

ತಕ್ಕಡಿ ಒಂದೊಂದೇ ಹಾರಾಟ ತೆಗೆದು ವಿಚಾರಿಸಿದರು.

"ಮೊದಲನೇದು ಯಾರು?"

"ನಾನು," ಎಂದೆ. "ನಾನು," ಎಂದರು ಇವರು. ಎರಡನೆಯದು, ಮೂರನೆಯದು, ಆರರವರೆಗೂ ಇದೇ ಹಾಡು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನುತ್ತಾರೆ. ನಮ್ಮದು ಹತ್ತು ಸಲ ಉಂಡು ಮಲಗಿ ಎದ್ದು ಬಂದದ್ದು.

"ಏಳನೇದು? ಇಂಜಿನ್ ನಿಂತು ಎಲೆಕೋಸಿನ ಹೊಲದಲ್ಲಿ ಇಳಿದದ್ದು?"

"ಇವರು," ಎಂದೆ ನಾನು.

"ಇವಳು," ಎಂದರು ಇವರು.

ತಕ್ಕಡಿಯ ಮೀಸೆ ಅಲುಗಿತು. ಡ್ರಾಯರಿನಿಂದ ಒಂದು ಕಾಗದ ತೆಗೆದರು. "ಅಲ್ಲಿನ ಕ್ಲಬ್ಬಿನಿಂದ ಬಂದಿದೆ. 'ಹದಿನಾಲ್ಕು ಎಲೆಕೋಸು ಬಿಟ್ಟರೆ ಯಾವುದಕ್ಕೂ ಪೆಟ್ಟಿಲ್ಲ. ಇಷ್ಟು ಚೆನ್ನಾಗಿ ಇಳಿಸಿದವರನ್ನು ನಾವು ಕಂಡಿಲ್ಲ' ಅಂತ ಬರ್ದಿದ್ದಾರೆ." ಕನ್ನಡಕ ತೆಗೆದು ಒರೆಸಿದರು. "ನೋಡಿ, ಎಲ್ಲಾ ಸರಿಯಿದ್ದಾಗ ಯಾರು ಕ್ಯಾಪ್ಟನ್ ಅಂತ ದೇವರಿಗೇ ಗೊತ್ತು. ಇಂಜಿನ್ ನಿಂತ ಮೇಲೆ ವಿಮಾನ ಯಾರ ಕೈಯಲ್ಲಿತ್ತೋ ಅವರೇ ಕ್ಯಾಪ್ಟನ್. ಒಂಬತ್ತು ಗಂಟೇನೂ ಅವರಿಗೇ. ಈಗ ಹೇಳಿ."

ಇನ್ನೇನು, ಇವರು ಎದೆಯುಬ್ಬಿಸಿ "ನಾನೇ" ಅನ್ನುತ್ತಾರೆ. ಅತ್ತೆ, ಆಕಾಶ, ಎಲ್ಲ ಇವರ ಪಾಲು.

"ಹೇಳಿದ್ನಲ್ಲ ಸರ್, ಇವಳೇ," ಎಂದರು ಇವರು. "ನಾನು ಗಡಿಯಾರ ನೋಡ್ತಿದ್ದೆ."

ಮೊದಲ ಸಲ ಹಾಗೆ ಹೇಳಿದ್ದು ತಪ್ಪಿಸಿಕೊಳ್ಳಲು. ಈ ಸಲ ನನಗಾಗಿ. ಅತ್ತೆಯನ್ನು ಕರೆದೊಯ್ಯಲು ನಾನೆಷ್ಟು ಒದ್ದಾಡುತ್ತಿದ್ದೇನೆಂದು ಈ ಗುಮ್ಮನಗುಸಕನಿಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಒಂಬತ್ತು ಗಂಟೆ ನನ್ನದು. ಸುಳ್ಳೇಕೆ, ಸ್ವಲ್ಪ ಹೊತ್ತು ಮುಚ್ಚಿಕೊಂಡೇ ಇದ್ದೆ. ತಕ್ಕಡಿ ಪೆನ್ನಿನ ಮುಚ್ಚಳ ತೆಗೆದರು. ಆಗ ತಡೆಯಲಾಗಲಿಲ್ಲ.

"ಸುಳ್ಳು ಸರ್. ಇಂಜಿನ್ ನಿಂತಿದ್ದೇ ತಡ, ನಾನು ಕೋಲು ಬಿಟ್ಟು ಕಣ್ಣು ಮುಚ್ಕೊಂಡೆ. ಇಳಿಸಿದ್ದು ಇವರು."

"ಗೊತ್ತಮ್ಮಾ," ಎಂದು ತಕ್ಕಡಿ ನನ್ನ ಗಂಡನ ಪುಸ್ತಕ ಬಿಡಿಸಿದರು. "ಇವರ ಬಾಯಿ ಸುಳ್ಳು ಹೇಳಬಹುದು, ಗಡಿಯಾರ ಹೇಳಲ್ಲ. ಏಳನೇ ಹಾರಾಟದ ಷರಾ ಓದ್ತೀನಿ, ಕೇಳಿ. 'ಮೂರು ನಲವತ್ತೊಂದು: ಇಂಜಿನ್ ನಿಂತಿತು. ಮೂರು ನಲವತ್ತೊಂದು: ಇವಳು ಕೋಲು ಬಿಟ್ಟು ನನ್ನ ಎಡಗೈ ಹಿಡಿದಳು. ಮೂರು ನಲವತ್ನಾಲ್ಕು: ನೆಲ. ಮೂರು ಐವತ್ತೆರಡು: ಕೈ ಬಿಟ್ಟಳು.'"

ಕೈ ಹಿಡಿದದ್ದು ನನಗೆ ನೆನಪೇ ಇರಲಿಲ್ಲ. ಐವತ್ತು ದಾಟಿದ ಹೆಂಗಸು, ಮುಖ ಎಲ್ಲಿಟ್ಟುಕೊಳ್ಳಲಿ? ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು. ತಕ್ಕಡಿ ನನ್ನ ಪುಸ್ತಕದಲ್ಲಿ ಒಂಬತ್ತು ಗಂಟೆ ಹನ್ನೊಂದು ನಿಮಿಷದ ಮೇಲೆ ಕೆಂಪು ಗೀಟು ಎಳೆದರು.

ಭಾನುವಾರ ಅತ್ತೆಯನ್ನು ಮಗನೇ ಕರೆದೊಯ್ದರು. ನಾನು ಮೈದಾನಕ್ಕೆ ಹೋಗಲಿಲ್ಲ. ಅಂಗಡಿಯಲ್ಲಿದ್ದ ಕೆಂಪು ಬಟ್ಟೆಯನ್ನೆಲ್ಲ ಜೋಡಿಸಿ ಹೊಲಿದು, ತಾರಸಿಯ ತುಂಬ ಹಾಸಿ, ಹಾರದಂತೆ ಮೂಲೆಗಳಿಗೆ ಇಸ್ತ್ರಿಪೆಟ್ಟಿಗೆ, ಹೂಕುಂಡಗಳನ್ನಿಟ್ಟೆ. ಒಂದು ಕಣ್ಣಿಗೂ ಕಾಣಬೇಕಲ್ಲ. ತಲೆಯ ಮೇಲೆ ವಿಮಾನ ಗುಯ್‌ಗುಟ್ಟಿದಾಗ ಮಕ್ಕಳ ಹಾಗೆ ಎರಡೂ ಕೈ ಬೀಸಿದೆ.

ಮಧ್ಯಾಹ್ನ ಮಗನ ತೋಳು ಹಿಡಿದು ಬಂದ ಅತ್ತೆ ಕುರ್ಚಿಯಲ್ಲಿ ಕೂತು ಉಸಿರು ಬಿಟ್ಟರು.

"ಕಾಣಿಸ್ತಾ ಅತ್ತೆ?"

"ಕಾಣಿಸ್ತು ಕಣೇ. ಇಷ್ಟಗಲ ಕೆಂಪು. ಅದರ ಮೇಲೆ ಕುಣೀತಿದ್ದ ನೀನೂ ಕಂಡೆ." ಅವರು ನನ್ನ ಕೆನ್ನೆ ಸವರಿದರು. "ಇವನಿಗೆ ಬುದ್ಧಿಯಿಲ್ಲ. ಮೇಲೆ ಹೋದಾಗಿಂದ ಗಂಟೆ ಎಷ್ಟಾಯ್ತು ಅಂತ ಹೇಳಿದ್ದೇ ಹೇಳಿದ್ದು. ಇಳಿಯೋವಾಗ ನಂಗೆ ಭಯ ಆಯ್ತು. ಒಂದು ಕೈ ಕೊಡೋ, ಹಿಡ್ಕೋತೀನಿ ಅಂದೆ. 'ಇಳಿಸೋಕೆ ಎರಡೂ ಕೈ ಬೇಕಮ್ಮಾ' ಅಂದ."

ಆಮೇಲೆ ಆ ಒಂದೇ ಕಣ್ಣನ್ನು ಮಗನತ್ತ ತಿರುಗಿಸಿದರು.

"ನನ್ನ ತೂಕ ನೋಡೋವಾಗ ಆ ಪರೀಕ್ಷಕರು ಎಲ್ಲಾ ಹೇಳಿದ್ರು. ಎಲೆಕೋಸಿನ ಹೊಲದಲ್ಲಿ ಒಂದೇ ಕೈ ಸಾಕಾಗಿತ್ತಂತೆ?"

ನನ್ನ ಗಂಡ ಕೈಗಡಿಯಾರ ನೋಡಿದರು.