ಬಾವಿ ಪಕ್ಕದ ಏಳನೇ ಮರ

"ಲೇ ಲಕ್ಕ, ಸಾಹೇಬ್ರು ಬಾಯಾರಿ ಕುಂತವ್ರೆ. ಮ್ಯಾಲೆ ಮುಹೂರ್ತ ನೋಡ್ತಾ ಇದೀಯೇನಲಾ ಸೂಳೇಮಗನೇ? ಇಳಿಸು ಗೊನೇನ."

ನಲವತ್ತು ಅಡಿ ಕೆಳಗಿಂದ ಬಂದರೂ ಯಜಮಾನ ಬಸವರಾಜಪ್ಪನ ದನಿ ಕಪಾಳಕ್ಕೆ ಬಿಗಿದಂತೆಯೇ ಇತ್ತು. ಲಕ್ಕಯ್ಯ ಎಳನೀರು ಗೊನೆಗೆ ಹಗ್ಗ ಬಿಗಿದ. ಬಾವಿ ಪಕ್ಕದ ಈ ಏಳನೇ ಮರದ ಎಳನೀರು ಇಡೀ ತೋಟದಲ್ಲೇ ಸಿಹಿ. ಯಜಮಾನರ ಮನೆಗೆ ದೊಡ್ಡವರು ಬಂದಾಗಲೆಲ್ಲ ಅವನು ಇದನ್ನೇ ಹತ್ತಬೇಕು. ಇವತ್ತು ಬಂದಿರುವ ದೊಡ್ಡವನು ಬೆಂಗಳೂರಿನ ವೈರ್‌ಲೆಸ್ ಅಧಿಕಾರಿ ಮೋಹನ್ ಕುಮಾರ್. ಬಂದಿರುವುದು ಲಕ್ಕಯ್ಯನನ್ನೇ ಹಿಡಿಯಲು. ಹಿಡಿಯುವವನ ಬಾಯಾರಿಕೆ ತೀರಿಸುವ ಕೆಲಸವೂ ಲಕ್ಕಯ್ಯನದೇ.

ಸೊಂಟದಲ್ಲಿ, ಅಂಗಿಯ ಒಳಗೆ, ವಾಕಿಟಾಕಿ ಸೆಟ್ಟು ಬೆಚ್ಚಗೆ ಕೂತಿತ್ತು. ಅದರ ದನಿಯನ್ನು ಅವನು ಆದಷ್ಟು ತಗ್ಗಿಸಿದ್ದ. ಪೂರ್ತಿ ಆರಿಸಿಬಿಟ್ಟರೆ ತಾನು ಉಳಿದುಕೊಳ್ಳಬಹುದು ಎಂದು ಬೆಳಗಿನಿಂದ ಹತ್ತು ಸಲ ಅನ್ನಿಸಿತ್ತು. ಆದರೆ ಹೆರಿಗೆಗೆ ಬಂದ ಮಗಳು ನಯನ ಬೆಳಗ್ಗೆ ಏಳುತ್ತಲೇ ಸೊಂಟ ಹಿಡಿದುಕೊಂಡಿದ್ದಳು. ಅವಳ ಮಾತು ಹೊರಗೆ ಬರಬೇಕಾದರೆ ಈ ಸೆಟ್ಟು ಒಂದೇ ದಾರಿ.

ಅವರ ಕೇರಿ ಇರುವುದು ಹಳ್ಳದ ತಗ್ಗಿನಲ್ಲಿ. ಫೋನಿನ ಸಿಗ್ನಲ್ ಗೆರೆಗಳು ಕೆರೆ ಏರಿಯ ಮೇಲೇ ಸತ್ತುಹೋಗುತ್ತವೆ. ಟವರಿನವರು ಬಂದು ನೋಡಿ, ನಲವತ್ತು ಮನೆಗೆ ಪೂರೈಸಲ್ಲ ಎಂದು ಹೋಗಿದ್ದರು. ಮೂರು ವರ್ಷದ ಹಿಂದೆ ಹೆಂಡತಿ ರಾಮಲಕ್ಷ್ಮಮ್ಮನಿಗೆ ಹಾವು ಕಚ್ಚಿದಾಗ ಅವಳನ್ನು ಮಂಚದ ಮೇಲೆ ಹೊತ್ತು ಓಡಿದ್ದರು. ಟಾರು ರಸ್ತೆಯ ಕ್ರಾಸಿಗೆ ಬರುವಷ್ಟರಲ್ಲಿ ಮಂಚ ಹೆಣಭಾರವಾಗಿತ್ತು. ಅದನ್ನು ಕಣ್ಣಾರೆ ನೋಡಿದವನು ಕ್ರಾಸಿನಲ್ಲಿ ಮೋಟಾರು ರಿಪೇರಿ ಮಾಡುವ ಮಜೀದ್. ಬಸವರಾಜಪ್ಪನ ತೋಟದ ಕಾವಲಿಗೆ ಎರಡು ವಾಕಿಟಾಕಿ ತಂದುಕೊಟ್ಟವನೂ ಅವನೇ. ಅದೇ ಜಾತಿಯ ಹಳೇ ಸೆಟ್ಟು ಮೂರನ್ನು ಕೇರಿಗೆಂದು ರಿಪೇರಿ ಮಾಡಿದ. ಒಂದು ಲಕ್ಕಯ್ಯನ ಮನೆಯಲ್ಲಿ, ಒಂದು ಅವನ ಸೊಂಟದಲ್ಲಿ, ಒಂದು ಮಜೀದನ ಅಂಗಡಿಯಲ್ಲಿ. ತಗ್ಗಿನ ಸೆಟ್ಟಿನಿಂದ ಕೂಗಿದರೆ ಕ್ರಾಸಿಗಾಗಲಿ ಯಜಮಾನರ ಮನೆಗಾಗಲಿ ಮುಟ್ಟುತ್ತಿರಲಿಲ್ಲ. ಮರದ ಮೇಲಿರುವ ಲಕ್ಕಯ್ಯನಿಗೆ ಮುಟ್ಟುತ್ತಿತ್ತು. ಅವನು ಅದನ್ನು ಮಜೀದನಿಗೆ ದಾಟಿಸುತ್ತಿದ್ದ. ಕೇರಿಯ ಮಾತು ಮರ ಹತ್ತಿಯೇ ಊರಿಗೆ ಹೋಗಬೇಕಿತ್ತು.

ಕೆಟ್ಟದ್ದು ಎಲ್ಲಿ ಅಂದರೆ, ಲಕ್ಕಯ್ಯ ಕಾಯಿದೆ ಪ್ರಕಾರ ನಡೆಯಲು ಹೋದದ್ದರಲ್ಲಿ. ಇದಕ್ಕೆಲ್ಲ ಲೈಸೆನ್ಸ್ ಬೇಕು ಎಂದು ಯಾರೋ ಹೆದರಿಸಿದ್ದರು. ತಿಪಟೂರಿನ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ತುಂಬಿಸಿದ. 'ನಿಲ್ದಾಣದ ಸ್ಥಳ' ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದಾಗ, ಇದ್ದದ್ದನ್ನು ಇದ್ದ ಹಾಗೆ ಹೇಳಿದ: ಬಸವರಾಜಪ್ಪನವರ ತೋಟ, ಬಾವಿ ಪಕ್ಕದ ಏಳನೇ ಮರ. ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ, ಮರದ ಮಾಲೀಕರ ಒಪ್ಪಿಗೆ ಪತ್ರ ತಂದುಬಿಡು ಎಂದ. ಲಕ್ಕಯ್ಯ ಆ ಕಾಗದ ಹಿಡಿದು ನೆಟ್ಟಗೆ ಯಜಮಾನರ ಅಂಗಳಕ್ಕೆ ಹೋಗಿ ನಿಂತ.

ಬಸವರಾಜಪ್ಪ ಕಾಗದವನ್ನು ಎರಡು ಸಲ ಓದಿದ್ದ.

"ಅಂಗಾದ್ರೆ ದಿನಾ ಪೂಜೆಗೆ ಕುಂತಾಗ ನನ್ನ ಸೆಟ್ನಾಗೆ ಒದರ್ತಿದ್ದೋನು ನೀನಾ? ಅಂಗಳ ದಾಟ್ಬ್ಯಾಡ ಅಂದ್ರೆ ಗಾಳೀಲಿ ದೇವ್ರ ಮನೇಗೇ ಬತ್ತೀಯೇನಲಾ? ನನ್ನ ಮರ ನಿನ್ನ ಟೇಸನ್ನೇನಲಾ ಬೋಳೀಮಗನೇ?"

"ತಪ್ಪಾಯ್ತು ಬುದ್ದಿ. ಹೆರಿಗೆ ಕಾಲ, ಅದ್ಕೇಯ..."

ಕಾಗದ ವಾಪಸ್ ಬರಲಿಲ್ಲ. ವಾರಕ್ಕೆ ಅಧಿಕಾರಿಯ ಜೀಪು ಬಂತು.

ಇವತ್ತು ಬೆಳಗ್ಗೆ ಲಕ್ಕಯ್ಯನನ್ನು ಬಿಸಿಲಲ್ಲಿ ನಿಲ್ಲಿಸಿ, ಮೋಹನ್ ಕುಮಾರ್ ಜಗುಲಿಯ ಮೇಲೆ ಕಾಲು ಚಾಚಿ ಕೂತು ಹೇಳಿದ್ದ: "ಗಾಳಿ ಅಂದ್ರೆ ಸುಮ್ನೆ ಬಿದ್ದಿದೆ ಅಂದ್ಕೊಂಡ್ಯಾ? ತರಂಗಾಂತರ ಸರ್ಕಾರದ್ದು. ಲೈಸೆನ್ಸ್ ಇಲ್ದೆ ಒಂದು ಸಲ ಗುಂಡಿ ಒತ್ತಿದ್ರೂ ಜೈಲು. ಸೆಟ್ಟೆಲ್ಲಿವೆ?"

ಬಸವರಾಜಪ್ಪನೇ ಉತ್ತರ ಕೊಟ್ಟ: "ಗುಡಿಸ್ಲಾಗೆ ಇಟ್ಟಿರ್ತಾನೆ ಸಾರ್. ಎಳ್ನೀರು ಕುಡೀರಿ. ಆಮ್ಯಾಕೆ ಹೋಗಿ ಹಿಡಿಯವ."

ಜೀಪು ಬರುವ ಅರ್ಧ ಗಂಟೆ ಮೊದಲು ಇದೇ ಬಸವರಾಜಪ್ಪ ಒಂದು ಬಟ್ಟೆ ಚೀಲ ಕೊಟ್ಟು, "ಕಾಯಿ ಅಟ್ಟದಾಗೆ ಇಕ್ಕು, ಒಳಿಕ್ಕೆ ಕೈ ಹಾಕ್ಬ್ಯಾಡ" ಎಂದಿದ್ದ. ಕೊಬ್ಬರಿಗೆಂದು ವರ್ಷಗಟ್ಟಲೆ ಕಾಯಿ ಒಣಗಿಸುವ ಆ ಅಟ್ಟ ಜಗುಲಿಯ ನೆತ್ತಿಯ ಮೇಲೇ ಇದೆ. ಚೀಲದ ತೆಳು ಬಟ್ಟೆಯೊಳಗೆ, ಯಜಮಾನರ ಲೈಸೆನ್ಸಿಲ್ಲದ ಸೆಟ್ಟಿನ ಕೆಂಪು ದೀಪ ಉರಿಯುತ್ತಿದ್ದುದನ್ನು ಲಕ್ಕಯ್ಯ ನೋಡಿದ್ದ. ಸೆಟ್ಟು ಆರಿಸಿಲ್ಲ ಬುದ್ದಿ ಎಂದು ಹೇಳಲು ಅವನಿಗೆ ಹೆದರಿಕೆಯಾಯಿತು. ಕೈ ಹಾಕಬೇಡ ಅಂದ ಚೀಲದೊಳಗೆ ಏನಿದೆಯೆಂದು ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ? ಕಾಯಿಗಳ ನಡುವೆ ಇಟ್ಟು ಸುಮ್ಮನೆ ಇಳಿದು ಬಂದಿದ್ದ.

ಗೊನೆ ಕೆಳಗಿಳಿಯಿತು. ಆಳು ಗಂಗರಾಜು ಎಳನೀರು ಕೆತ್ತಿ ಜಗುಲಿಗೆ ಒಯ್ದ. ಆಗ ಸೊಂಟದಲ್ಲಿ ಸಣ್ಣಗೆ ಕರಕರ ಎಂದಿತು.

ನಯನ ಅಲ್ಲ. ಪಕ್ಕದ ಮನೆಯ ಮುದುಕಿ ಓಬಮ್ಮ. "ಲಕ್ಕಣ್ಣ, ನೀರು ಹೋಗ್ಬುಡ್ತು ಕಣಪ್ಪ. ಮಗೀನ ಕಾಲು ಮುಂದಾಗಿ ಬಂದೈತೆ. ನನ್ನ ಕೈಲಿ ಆಗಕಿಲ್ಲ. ಆಟೋ ಕರಿ, ಬ್ಯಾಗ ಕರಿ." ಅವಳ ಮಾತಿನ ಹಿಂದೆ ನಯನಳ ಕೂಗು ಕೇಳಿತು.

ಇಳಿದು ಓಡಿದರೆ ಕ್ರಾಸಿಗೆ ಅರ್ಧ ಗಂಟೆ. ಗುಂಡಿ ಒತ್ತಿದರೆ ಜೈಲು. ಒತ್ತದಿದ್ದರೆ ಇನ್ನೊಂದು ಮಂಚ.

ಸೆಟ್ಟನ್ನು ಬಾಯಿಯ ಹತ್ತಿರ ಹಿಡಿದು ಗುಂಡಿ ಒತ್ತಿದ.

"ಮಜೀದಣ್ಣ, ನಾನು ಲಕ್ಕ. ನಯನಂಗೆ ಕಷ್ಟ ಆಗೈತೆ. ಆಟೋ ತಗಂಡು ಕೇರಿಗೆ ಬಾ. ಬ್ಯಾಗ ಬಾರಣ್ಣ."

ಅದೇ ಮಾತು, ಅದೇ ದನಿ, ಜಗುಲಿಯ ನೆತ್ತಿಯ ಮೇಲಿನ ಅಟ್ಟದಿಂದ ಗಟ್ಟಿಯಾಗಿ ಕೆಳಗೆ ಬಿತ್ತು. ಗಂಗರಾಜು ಮಚ್ಚು ಹಿಡಿದುಕೊಂಡೇ ತಲೆಯೆತ್ತಿದ. ಬಸವರಾಜಪ್ಪನ ಮುಖ ಕಪ್ಪಿಟ್ಟಿತು.

ಮೋಹನ್ ಕುಮಾರ್ ಅಟ್ಟವನ್ನು ನೋಡಿದ. ಬಸವರಾಜಪ್ಪನನ್ನು ನೋಡಿದ. ಎಳನೀರಿನ ಬುರುಡೆಯನ್ನು ಎತ್ತಿ ಉಳಿದದ್ದನ್ನು ಕುಡಿದು ಮುಗಿಸಿದ. ಬಾಯಿ ಒರೆಸಿಕೊಂಡು ಅಂಗಳಕ್ಕೆ ಬಂದು ಮರದ ತುದಿಗೆ ಕೈ ತೋರಿಸಿದ.

"ಕಣ್ಣಾರೆ ಕಂಡಂಗಾಯ್ತು. ಸೆಟ್ ಸಮೇತ ಇಳಿಯಯ್ಯ ಕೆಳಗೆ."

ಅಟ್ಟದ ಸುದ್ದಿಯನ್ನೇ ಅವನು ಎತ್ತಲಿಲ್ಲ. ಲಕ್ಕಯ್ಯನಿಗೆ ಅದು ಅರ್ಥವಾಗಲು ಎರಡು ಉಸಿರು ಬೇಕಾಯಿತು. ಸೆಟ್ಟಿನಲ್ಲಿ ಮಜೀದ್ ಹೇಳುತ್ತಿದ್ದ: "ಹೊರಟೆ ಕಣಣ್ಣ. ಅವರಿಗೆ ಧೈರ್ಯ ಹೇಳ್ತಾ ಇರು."

"ಇಳಿಯಕಿಲ್ಲ ಸೋಮಿ," ಎಂದ ಲಕ್ಕಯ್ಯ. ಕೂಗಿ ಹೇಳಲಿಲ್ಲ. ಗುಂಡಿ ಒತ್ತಿಯೇ ಹೇಳಿದ. "ನಿಮ್ಮ ನೆತ್ತಿ ಮ್ಯಾಲೆ ಮಾತಾಡ್ತಾ ಇರೋದು ಬುದ್ದಿಯೋರ ಸೆಟ್ಟು. ನಾನೇ ಕೈಯಾರ ಇಕ್ಕಿದ್ದು. ಅದನ್ನೂ ಬರ್ಕಳಿ."

ಅಟ್ಟ ಅದನ್ನು ಒಂದು ಅಕ್ಷರ ಬಿಡದೆ ಹೇಳಿತು. ಹೇಳಿದ ಮೇಲೆ ಲಕ್ಕಯ್ಯನಿಗೆ ಇನ್ನಷ್ಟು ಭಯವಾಯಿತು. ಗರಿಯ ಬುಡವನ್ನು ತಬ್ಬಿಕೊಂಡ.

"ನನ್ನ ಅನ್ನ ತಿಂದು..." ಬಸವರಾಜಪ್ಪ ಆಳಿನ ಕಡೆ ತಿರುಗಿದ. "ಕೊಡ್ಲಿ ತತ್ತಾರೋ ಗಂಗ."

ಗಂಗರಾಜು ಕದಲಲಿಲ್ಲ. ಬಸವರಾಜಪ್ಪ ತಾನೇ ಕೊಟ್ಟಿಗೆಗೆ ಹೋಗಿ ಕೊಡಲಿ ತಂದ. ಮೋಹನ್ ಕುಮಾರ್ ನಾಲ್ಕು ಹೆಜ್ಜೆ ಹಿಂದೆ ಸರಿದು, ಜೀಪನ್ನು ಸ್ವಲ್ಪ ಆಚೆಗೆ ನಿಲ್ಲಿಸುವಂತೆ ಡ್ರೈವರನಿಗೆ ಹೇಳಿದ.

ಮರದ ಬುಡಕ್ಕೆ ಬಿದ್ದ ಮೊದಲ ಏಟಿನ ಅದುರು ಲಕ್ಕಯ್ಯನ ಅಂಗಾಲಿಗೆ ಬಂತು. ದೂರದ ಕ್ರಾಸಿನಲ್ಲಿ ಧೂಳೆದ್ದಿತ್ತು.

"ಓಬಕ್ಕ, ನಯನಂಗೆ ಹೇಳು. ಆಟೋ ಹೊಂಟೈತೆ. ನಂಗೆ ಕಾಣ್ತಾ ಐತೆ."

ಎರಡನೇ ಏಟಿಗೆ ತಲೆಯ ಮೇಲಿನ ಗರಿಗಳು ಅಲುಗಿದವು. ಹಳೇ ಮರ, ಗಟ್ಟಿ ಮರ. ಎಷ್ಟು ಏಟು ತಡೆಯುತ್ತದೆ ಎಂದು ಅದನ್ನು ಹತ್ತಿದವನಿಗೆ ಗೊತ್ತಿರುತ್ತದೆ. ಲಕ್ಕಯ್ಯ ಅದನ್ನು ನೆನೆಯಲಿಲ್ಲ.

"ಎಲ್ಲಿಗೆ ಬಂತು ಲಕ್ಕಣ್ಣ?" ಓಬಮ್ಮ ಕೇಳಿದಳು. "ಮಾತಾಡಪ್ಪ, ನಿನ್ನ ದನಿ ಕೇಳಿದ್ರೆ ಉಸಿರು ತಗಂತಾಳೆ."

"ಕೆರೆ ಏರಿ ಹತ್ತೈತೆ ಕಣಕ್ಕ."

ಮತ್ತೊಂದು ಏಟು ಬಿತ್ತು.

"ಏರಿ ಮ್ಯಾಲೈತೆ. ಇನ್ನೇನು ತೂಬಿನ ತಾವು ಬತ್ತದೆ."

ಕೆಳಗೆ ಕೊಡಲಿ ಬೀಸುವವನ ಹಿಂದಿನಿಂದ ಕಾಯಿ ಅಟ್ಟವೂ ಅದನ್ನೇ ಹೇಳುತ್ತಿತ್ತು.