ಕೆಂಪು ಬಟನ್

ಕರ್ ಅನ್ನುತ್ತಿದೆ, ಇನ್ನೂ ಕರ್ ಅನ್ನುತ್ತಿದೆ, ಮೇಲಿನ ಬೇರಿಂಗನ್ನು ಎರಡು ಬೆರಳಲ್ಲಿ ಹಿಡಿದು ಕಿವಿಯ ಹತ್ತಿರ ತಿರುಗಿಸಿದರೆ ಒಳಗೆ ಮರಳು ಕೂತ ಹಾಗೆ, ಡೀಸೆಲ್‌ನಲ್ಲಿ ಎರಡು ಸಲ ತೊಳೆದೆ, ಹೋಗಲಿಲ್ಲ, ಹೊಸದೇ ಹಾಕಬೇಕು, ಹೊಸದು ಜೇಬಿನಲ್ಲೇ ಇದೆ, ಮತ್ತೆ ಹಳೆಯದನ್ನು ಯಾಕೆ ತಿರುಗಿಸುತ್ತ ಕೂತಿದ್ದೇನೆ, ಗಂಟೆ ಒಂಬತ್ತೂವರೆ, ಗಾವಡಗೆರೆಯಿಂದ ವಾಣಿ ಬರುವ ಬಸ್ಸು ಹನ್ನೊಂದಕ್ಕೆ — ಮೂರು ತಿಂಗಳಾದ ಮೇಲೆ ಹೆಂಡತಿ ತವರಿನಿಂದ ಬರುತ್ತಿದ್ದಾಳೆ, ಮನೆ ಗುಡಿಸಿಲ್ಲ, ಹಾಲು ತಂದಿಲ್ಲ, ನಾನು ಜಗಲಿಯ ಪಕ್ಕದ ಈ ಶೀಟಿನ ಕೋಣೆಯಲ್ಲಿ ಡ್ರಿಲ್ಲಿಂಗ್ ಮಿಷನ್ ಬಿಚ್ಚಿ ಹರಡಿಕೊಂಡು ಕೂತಿದ್ದೇನೆ. ಮೇಜಿನ ಮೇಲಿಡುವ ಸಣ್ಣ ಮಿಷನ್ನು, ಅಗ್ಗದ್ದು, ಕೊಂಡ ದಿನವೇ ಅಲ್ಲಾಡುತ್ತಿತ್ತು, ಆದರೂ ಏಳು ವರ್ಷ ಅದರಲ್ಲೇ ಅಳಿಗುಳಿಮಣೆ ಮಾಡಿದೆವು, ಹುಣಸೂರಿನ ಮರದ ಮಿಲ್ಲಿನಿಂದ ತುಂಡು ಹಲಗೆ ತಂದು ನಾನು ಗುರುತು ಹಾಕುವುದು, ಅವಳು ಗುಳಿ ಕೊರೆಯುವುದು, ಒಂದು ಮಣೆಗೆ ಹದಿನಾಲ್ಕು, ಅವಳವು ಎಲ್ಲ ಒಂದೇ ಆಳ, ನನ್ನವು ಹೆಚ್ಚುಕಡಿಮೆ, ಮೈಸೂರಿನ ಅಂಗಡಿಯವರು ಬೆರಳಾಡಿಸಿಯೇ ಹೇಳುತ್ತಿದ್ದರು, ಇದು ಮೇಡಂದು, ಇದು ನಿಮ್ದು.

ಕೆಳಗಿನ ಬೇರಿಂಗಿಗೆ ಚಕ್ಕು ಕಳಚಬೇಕು, ಕೊರೆಯುವ ಬಿಟ್ಟನ್ನು ಕಚ್ಚಿ ಹಿಡಿಯುವ ಆ ಮೂರು ಹಲ್ಲಿನ ಬಾಯಿ, ಸುತ್ತಿಗೆಯಲ್ಲಿ ಒಂದು ಏಟು, ಇನ್ನೊಂದು, ಬಿತ್ತು. ಅದರ ಹಿಂದೆ ದಂಡದ ಸುತ್ತ ಏನೋ ಕಪ್ಪಗೆ, ಗ್ರೀಸು ಅಂದುಕೊಂಡೆ, ಗ್ರೀಸಲ್ಲ. ಕೂದಲು. ಮರದ ಪುಡಿ ಮೆತ್ತಿಕೊಂಡು ಉಂಗುರದ ಹಾಗೆ ಬಿಗಿದಿದೆ, ಚಿಮಟದಲ್ಲಿ ಎಳೆದರೆ ಬರುತ್ತದೆ, ಬರುತ್ತಲೇ ಇದೆ, ಮೊಣಕೈ ಉದ್ದಕ್ಕೆ, ಎಲ್ಲಿಡಲಿ ಇದನ್ನು, ಕಸಕ್ಕೆ ಹಾಕಲಾ, ಕಾಗದದಲ್ಲಿ ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ. ಅವತ್ತು ಶುಕ್ರವಾರ, ವಾಣಿ ತಲೆಗೆ ನೀರು ಹಾಕಿಕೊಂಡು ತುದಿಗಂಟು ಕಟ್ಟಿ ಬಿಟ್ಟಿದ್ದಳು, ಅದು ನಿಜ, ಆಸ್ಪತ್ರೆಯಲ್ಲಿ ನಾನು ಹೇಳಿದ್ದೂ ಅದನ್ನೇ, ಕೂದ್ಲು ಬುಟ್ಕಂಡಿದ್ಲು ಡಾಕ್ಟ್ರೇ, ಸಿಕ್ಕಾಕ್ಕಂತು, ಸುಳ್ಳಲ್ಲವಲ್ಲ, ಅತ್ತೆ ಸೋಮಮ್ಮ ಮಂಚದ ಪಕ್ಕ ನಿಂತು ಮಗಳನ್ನೇ ಬೈದರು, ಮಿಷನ್ ಮುಂದ್ಕೆ ತಲೆ ಬುಟ್ಕಂಡು ಓಯ್ತಾರೇನೇ, ಬುದ್ಧಿ ಬ್ಯಾಡ್ವಾ ನಿಂಗೆ, ನಾನು ಕಿತ್ತಳೆ ಹಣ್ಣು ಸುಲಿಯುತ್ತಿದ್ದೆ, ಸುಲಿಯುತ್ತಲೇ ಇದ್ದೆ.

ಸ್ವಿಚ್ಚಿನ ಮಾತು ಯಾರೂ ಎತ್ತಲಿಲ್ಲ. ಆ ಬೆಳಿಗ್ಗೆ ಮಿಷನ್ನಿನ ಸ್ವಿಚ್ಚು ಕೆಟ್ಟಿತ್ತು, ಹಸಿರು ಬಟನ್ ಒತ್ತಿದರೆ ಓಡದು, ಪೇಟೆಗೆ ಹೋಗಿ ಹೊಸದು ತರಲು ಅರ್ಧ ದಿನ, ಸ್ವಿಚ್ಚನ್ನು ಬಿಟ್ಟು ಅದರ ಎರಡು ವೈರನ್ನು ಒಂದಕ್ಕೊಂದು ಹೊಸೆದು ಟೇಪು ಸುತ್ತಿದೆ, ಐದು ನಿಮಿಷ, ಇನ್ನು ಗೋಡೆಯ ಸ್ವಿಚ್ಚು ಹಾಕಿದರೆ ಓಡುತ್ತದೆ, ಆರಿಸಿದರೆ ನಿಲ್ಲುತ್ತದೆ, ಕೆಂಪು ಬಟನ್ ಇದ್ದಲ್ಲೇ ಇದೆ, ಒತ್ತಿದರೆ ಏನೂ ಆಗದು — ಹೇಳಬೇಕಿತ್ತು, ಹೇಳುತ್ತಿದ್ದೆ, ಅಷ್ಟರಲ್ಲಿ ಫೋನು ಬಂತು, ವಾಣೀ, ಒಸಿ ನೋಡ್ಕೋ ಅಂದು ಓಡುತ್ತಿದ್ದ ಮಿಷನ್ನನ್ನು ಅವಳಿಗೆ ಬಿಟ್ಟು ಅಂಗಳಕ್ಕೆ ಹೋದೆ. ಗೋಡೆಯ ಸ್ವಿಚ್ಚು ಬಾಗಿಲ ಬಳಿ, ಮೇಜಿನಿಂದ ಆರು ಹೆಜ್ಜೆ. ಕೂಗು ಕೇಳಿ ಓಡಿ ಬಂದು ಆರಿಸಿದವನು ನಾನೇ, ಸದ್ಯ ನೀನಿದ್ದೆ ಅಂದರು ಎಲ್ಲರೂ, ಬಾಗಿಲಿಂದ ಏನು ಕಂಡೆ ಅಂತ ಯಾರೂ ಕೇಳಲಿಲ್ಲ. ಮೊನ್ನೆ ಹುಣಸೂರಿನಲ್ಲಿ ಎಲೆಕ್ಟ್ರಿಕಲ್ ಅಂಗಡಿಯ ವೀರಭದ್ರಸ್ವಾಮಿ ಹಳೆಯ ಸ್ವಿಚ್ಚನ್ನೂ ಹೊಸೆದ ವೈರನ್ನೂ ತಿರುಗಿಸಿ ನೋಡಿ, ಯಾರ್ರೀ ಇದನ್ನ ಡೈರೆಕ್ಟ್ ಮಾಡಿರೋದು, ಮನುಷ್ಯರನ್ನ ಸಾಯ್ಸೋ ಕೆಲ್ಸ ಕಣ್ರೀ ಇದು ಅಂದರು, ಯಾರೋ ಮೆಕ್ಯಾನಿಕ್ಕು ಅಂದೆ ನಾನು, ನಾಲಿಗೆ ತಡವರಿಸಲಿಲ್ಲ, ಅದೇ ಹೆದರಿಕೆ, ತಡವರಿಸಲೇ ಇಲ್ಲ.

ಮಿಷನ್ನನ್ನು ಗುಜರಿಗೆ ಹಾಕುತ್ತೇನೆ ಅಂದದ್ದಕ್ಕೆ ಫೋನಿನಲ್ಲಿ ವಾಣಿ, ಬ್ಯಾಡ ಕಣ್ರೀ, ರಿಪೇರಿ ಮಾಡಿ, ನಾನು ಬಂದು ಅದ್ರ ಮುಂದೆ ಒಂದ್ಸಲ ನಿಂತ್ಕಬೇಕು, ಇಲ್ದಿದ್ರೆ ಜಲ್ಮೆಲ್ಲ ಎದ್ರಿಕೇಲೇ ಇರ್ತೀನಿ, ಆಮೇಲೆ ದನಿ ಇಳಿಸಿ, ಬಟನ್ ಒತ್ತಿದ್ರೆ ನಿಲ್ತಿತ್ತಲ್ವಾ, ಗಾಬ್ರಿಲಿ ನನ್ನ ಕೈಗೇ ಸಿಗ್ನಿಲ್ಲ, ಈಗ ನನ್ ಕೈ ಮ್ಯಾಲೇ ನಂಗೆ ನಂಬ್ಕೆ ಇಲ್ಲ, ತರ್ಕಾರಿ ಎಚ್ಚಕ್ಕೂ ಅವ್ವನ್ನೇ ಕರೀತೀನಿ. ನಾನು ಹೂಂ ಅಂದೆ. ಹೂಂ.

ಬೇರಿಂಗುಗಳನ್ನು ಪೈಪಿನ ತುಂಡಿಟ್ಟು ಬಡಿದು ಕೂರಿಸಿದ್ದಾಯಿತು, ಸೀಳಿದ್ದ ಬೆಲ್ಟಿನ ಜಾಗಕ್ಕೆ ಹೊಸದು, ಹೊಸ ಸ್ವಿಚ್ಚು, ಹಸಿರು, ಓಡಿತು, ಕೆಂಪು, ನಿಂತಿತು, ಮತ್ತೆ ಹಸಿರು, ಮತ್ತೆ ಕೆಂಪು, ಏನೂ ಹೇಳದಿದ್ದರೂ ನಡೆಯುತ್ತದೆ, ಈ ಬಟನ್ ನಿಲ್ಲಿಸುತ್ತದೆ, ಯಾವಾಗಲೂ ನಿಲ್ಲಿಸುತ್ತಿತ್ತು ಅಂತಲೇ ಅವಳು ನಂಬುತ್ತಾಳೆ, ನಂಬಿದರೆ — ಬಸ್ಸಿನ ಹಾರ್ನು, ಗೇಟಿನ ಸದ್ದು, ಬಂದೇಬಿಟ್ಟಳು, ಚೀಲವನ್ನು ಜಗಲಿಯಲ್ಲಿಟ್ಟು ನೇರ ಇಲ್ಲಿಗೆ, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು, ಆಸ್ಪತ್ರೆಯಲ್ಲಿ ಬೋಳಿಸಿದ ಕೂದಲು ಅರ್ಧ ಬೆರಳುದ್ದ, ಬಲಗಿವಿಯ ಮೇಲೆ ಅಂಗೈಯಗಲ ಏನೂ ಬೆಳೆದಿಲ್ಲ, ಚರ್ಮ ನುಣ್ಣಗೆ ಹೊಳೆಯುತ್ತಿದೆ, ಏನ್ರೀ ಇಷ್ಟೊಂದು ಸೊರಗೋಗಿದ್ದೀರಿ ಅನ್ನುತ್ತಾಳೆ, ಅವಳು, ನನ್ನನ್ನು. ಹಸಿರು ಒತ್ತಿದಳು, ಓಡಿತು. ಕೆಂಪು ಒತ್ತಿದಳು, ನಿಂತಿತು. ಎಷ್ಟು ಸುಲ್ಬ ನೋಡಿ, ಇಷ್ಟು ಒತ್ತಕ್ಕಾಗ್ನಿಲ್ವಲ್ಲ ಅವತ್ತು ನಂಗೆ, ಅಂದು ನಕ್ಕಳು, ಆ ನಗು, ಅದನ್ನು ನೋಡಲಾರೆ, ನೀನು ಒತ್ತಿದ್ದೆ ಕಣೇ ಅನ್ನುತ್ತಿದ್ದೇನೆ, ಬಾಯಿ ನನ್ನದೇ, ಬಾಗ್ಲಲ್ಲಿ ನಿಂತು ನೋಡ್ದೆ, ಸರಿಯಾಗೇ ಒತ್ತಿದ್ದೆ, ನಾನೇ ವೈರು ಡೈರೆಕ್ಟ್ ಮಾಡಿದ್ದೆ, ನಿಂಗೆ ಹೇಳಿರ್ನಿಲ್ಲ. ಬೈಗುಳಕ್ಕೆ ಕಾಯುತ್ತೇನೆ, ಅಳುವಿಗೆ ಕಾಯುತ್ತೇನೆ, ಎರಡೂ ಇಲ್ಲ, ಎಷ್ಟ್ ಸಲ, ಅಂತ ಕೇಳುತ್ತಾಳೆ, ಎಷ್ಟ್ ಸಲ ಒತ್ದೆ. ನಾಲ್ಕು ಅಂದೆ, ಅಂದ ಮೇಲೆ ಗೊತ್ತಾಯಿತು, ನಾಲ್ಕು ಎಣಿಸುವಷ್ಟು ಹೊತ್ತು ನಾನು ಬಾಗಿಲಲ್ಲೇ ನಿಂತಿದ್ದೆ, ಗೋಡೆಯ ಸ್ವಿಚ್ಚು ನನ್ನ ಭುಜದ ಪಕ್ಕದಲ್ಲೇ ಇತ್ತು, ಅವಳಿಗೂ ಗೊತ್ತಾಯಿತೇನೋ, ಗೊತ್ತಾಯಿತು, ಬಲಗೈ ಎತ್ತಿ ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಾಳೆ, ನನಗೆ ಕಾಣುತ್ತಿರುವುದು ಅವತ್ತಿನ ಬಾಗಿದ ತಲೆ, ಹುಡುಕಿ ಹೋದ ಕೈ, ಕೆಂಪು ಬಟನ್ನಿನ ಮೇಲೆ ಅದೇ ಅಂಗೈ, ಒಂದು, ಎರಡು, ಮೂರು, ನಾಲ್ಕು, ಮತ್ತೆ ಒಂದು