ಕಲ್ಲಿಗೆ ಬಡಿದ ಮೆಷಿನ್ನು

ಹುಲ್ಲು ಕತ್ತರಿಸುವ ಮೆಷಿನ್ನನ್ನು ಕಸದ ತೊಟ್ಟಿಯ ಪಕ್ಕ ನಿಲ್ಲಿಸಿ ಕೈ ತೊಳೆದುಕೊಳ್ಳುವ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಕೆಟ್ಟರೆ ರಿಪೇರಿ ಮಾಡಿಸಬೇಕು, ಆಗದಿದ್ದರೆ ಬಿಡಿಭಾಗಕ್ಕಾದರೂ ಯಾರಿಗಾದರೂ ಕೊಡಬೇಕು. ಮಳೆಯಲ್ಲಿ ನೆನೆಯಲು ಬಿಟ್ಟು ಹೋಗುವುದಕ್ಕೆ ಅದೇನು ಹರಿದ ಚಾಪೆಯೇ? ಹಿಂದಿನಿಂದ ತಳ್ಳಿಕೊಂಡು ನಡೆಯುವ ಕೆಂಪು ಮೆಷಿನ್ನು ಅದು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಚಕ್ರ ವಾಲಿಸಿಕೊಂಡು ನಿಂತಿತ್ತಂತೆ. ಹಾಲು ತರಲು ಹೋದ ನಮ್ಮವಳು ಹಾಲು ಬಿಟ್ಟು ಅದನ್ನು ಎಳೆದುಕೊಂಡು ಬಂದಳು.

"ಹಾಲೆಲ್ಲೇ?" ಅಂದೆ.

"ಹಾಲು ನಾಳೆನೂ ಸಿಗುತ್ತೆ. ಇದು ಸಿಗುತ್ತಾ?" ಅಂದಳು.

ಯಾಕೆ ತಂದಳು ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಹೋದ ಚಳಿಗಾಲದಲ್ಲಿ ನನಗೆ ಲಕ್ವ ಹೊಡೆಯಿತು. ಅಂಗಡಿಯಲ್ಲಿ, ನನ್ನ ಬೆಂಚಿನ ಮುಂದೆ, ಸ್ಪ್ಯಾನರ್ ಹಿಡಿದಂತೆಯೇ ಕುಸಿದೆನಂತೆ. ಮಾತು ತಿರುಗಿ ಬಂತು, ಕಾಲೂ ಒಂದು ಮಟ್ಟಕ್ಕೆ ಬಂತು, ಬಲಗೈಯಲ್ಲಿ ಮಾತ್ರ ಹಿಡಿತ ಬರಲಿಲ್ಲ. ಆವತ್ತಿನಿಂದ ಹಿಂದಿನ ಕೋಣೆಯ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತವನು. ಊಟಕ್ಕೆ ಕರೆದರೆ ಊಟ, ಸ್ನಾನಕ್ಕೆ ಎಬ್ಬಿಸಿದರೆ ಸ್ನಾನ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅನ್ನುತ್ತಾರೆ. ಹೊನ್ನಿನ ಮಾತು ಹಾಳಾಗಲಿ, ಕೂತು ಉಣ್ಣುವವನಿಗೆ ಉಂಡದ್ದೇ ಗಂಟಲಲ್ಲಿ ಇಳಿಯುವುದಿಲ್ಲ. ಅವಳು ಮುಂದಿನ ಕೋಣೆಯಲ್ಲಿ ಜನರ ಬಟ್ಟೆ ಹೊಲಿಯುತ್ತಾಳೆ. ಹೊಲಿಗೆಯ ಮೆಷಿನ್ನಿನ ಸದ್ದು ನಿಂತಾಗಲೆಲ್ಲ ಅವಳು ಬಾಗಿಲ ಸಂದಿಯಿಂದ ನನ್ನನ್ನು ನೋಡುತ್ತಿದ್ದಾಳೆ ಅಂತ ಅರ್ಥ.

ಅಂಗಡಿ ನನ್ನದೂ ಬೋಲ್ಟುವಿನದೂ. ಸಣ್ಣ ಎಂಜಿನ್ನುಗಳ ರಿಪೇರಿ: ಹುಲ್ಲಿನ ಮೆಷಿನ್ನು, ನೀರಿನ ಪಂಪು, ಜನರೇಟರು. ಬೋಲ್ಟು ಅಂತ ಹೆಸರಿಟ್ಟವನು ನಾನೇ. ಆಗೆಲ್ಲ ಏನು ಬಿಚ್ಚಿ ಕಟ್ಟಿದರೂ ಕೊನೆಗೊಂದು ಬೋಲ್ಟು ಮಿಗಿಸಿಕೊಂಡು ಪೆಚ್ಚುಮೋರೆ ಹಾಕಿ ನಿಲ್ಲುತ್ತಿದ್ದ. ಕೆಲಸ ಕಲಿಸಿದ್ದು ನಾನು, ಆಮೇಲೆ ಪಾಲು ಕೊಟ್ಟದ್ದೂ ನಾನು. ಈಗಲೂ ಅವನಿಗೆ ನಾನು ಮೇಸ್ತ್ರಿಯೇ. ವಾರಕ್ಕೊಮ್ಮೆ ಬಂದು ಅಂಗಡಿಯ ಸುದ್ದಿ ಹೇಳಿ ಹೋಗುತ್ತಿದ್ದ. ಮೆಷಿನ್ನು ತಂದ ವಾರವೂ ಬಂದ. ಅಂಗಳದಲ್ಲಿ ಅದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಏನತ್ತಿಗೆ, ಗುಜರಿ ವ್ಯಾಪಾರ ಶುರು ಮಾಡಿದ್ರಾ?"

"ನಿಮ್ಮಣ್ಣ ರಿಪೇರಿ ಮಾಡ್ತಾರೆ," ಅಂದಳು.

"ಯಾವ ಕೈಯಲ್ಲಿ?" ಅಂದೆ ನಾನು, ಸಿಟ್ಟಿನಿಂದ.

"ನನ್ನ ಕೈಯಲ್ಲಿ. ನೀವು ಬಾಯಿ ಆಡಿಸಿ ಸಾಕು, ಅದು ಹೆಂಗೂ ಚೆನ್ನಾಗಿದೆ."

ಬೋಲ್ಟು ನಗಲಿಲ್ಲ. ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಹೇಳಿದ: "ನೋಡು ಮೇಸ್ತ್ರಿ, ಕೈ ನನ್ನ ಹತ್ರ ಬೇಕಾದಷ್ಟಿವೆ. ನನಗೆ ಬೇಕಾಗಿರೋದು ನಿನ್ನ ತಲೆ. ಇದನ್ನ ನೀನು ಎಬ್ಬಿಸು. ಎಬ್ಬಿಸಿದ ಮಾರನೇ ದಿನ ಬಂದು ಕರ್ಕೊಂಡು ಹೋಗ್ತೀನಿ. ನಿನ್ನ ಬೆಂಚು ಹಂಗೇ ಇದೆ, ಯಾರನ್ನೂ ಕೂರಿಸಿಲ್ಲ."

ಆವತ್ತು ರಾತ್ರಿ ನಾನು ಕೇಳಿ ಎರಡನೇ ಸಲ ಬಡಿಸಿಕೊಂಡೆ.

ಹಾಗೆ ಶುರುವಾಯಿತು. ಬೆಳಗಿನ ಹೊಲಿಗೆ ಮುಗಿಸಿ ಅವಳು ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಕೂರುವುದು, ನಾನು ಮೇಲೆ ಕುರ್ಚಿಯಲ್ಲಿ. "ಮೊದಲು ಪ್ಲಗ್ಗಿನ ವೈರು ಕಿತ್ತಿಡು. ಅದು ಕಿತ್ತಿಡದೆ ಬ್ಲೇಡಿನ ಹತ್ರ ಬೆರಳು ಹಾಕಿದೆಯೋ, ಬೆರಳಿಗೆ ನಮಸ್ಕಾರ ಹೇಳು." ಟ್ಯಾಂಕಿನಲ್ಲಿದ್ದ ಹಳೇ ಪೆಟ್ರೋಲು ವಾರ್ನಿಷಿನ ಹಾಗೆ ನಾರುತ್ತಿತ್ತು. ಏರ್ ಫಿಲ್ಟರಿನ ಒಳಗೆ ಇಲಿ ಸಂಸಾರ ಹೂಡಿ ಖಾಲಿ ಮಾಡಿ ಹೋಗಿತ್ತು. ಕಾರ್ಬೊರೇಟರನ್ನು ಬಿಚ್ಚಿಸಿ, ಕೂದಲೆಳೆಯಂಥ ತಂತಿಯಿಂದ ಅದರ ತೂತುಗಳನ್ನು ಬಿಡಿಸಿದೆ. ನಾನು ಬಿಡಿಸಿದೆ ಅನ್ನುತ್ತಿದ್ದೇನೆ, ಬಿಡಿಸಿದ್ದು ಅವಳು. ಸೂಜಿಗೆ ದಾರ ಪೋಣಿಸುವ ಬೆರಳುಗಳು, ಸುಳ್ಳಾಡಬಾರದು, ನನ್ನ ಒಳ್ಳೆಯ ದಿನಗಳ ಬೆರಳುಗಳಿಗಿಂತ ಚುರುಕಾಗಿದ್ದವು.

ಮೆಷಿನ್ನನ್ನು ಪಕ್ಕಕ್ಕೆ ಉರುಳಿಸಿದಾಗ ಅಡಿಯಲ್ಲಿ ಹುಲ್ಲು ಹೆಂಟೆಗಟ್ಟಿತ್ತು. ಮರದ ಚಕ್ಕೆಯಿಂದ ಅದನ್ನೆಲ್ಲ ಕೆರೆದಳು. ಬ್ಲೇಡು ಸೊಟ್ಟಗಾಗಿತ್ತು, ತುದಿಯಲ್ಲಿ ಹೆಬ್ಬೆರಳು ಹೋಗುವಷ್ಟು ಅಗಲದ ಕಚ್ಚು. ಯಾವುದೋ ಕಲ್ಲಿಗೆ ಸರಿಯಾಗಿ ಬಡಿದಿದೆ.

"ಬಡಿದು ನೇರ ಮಾಡ್ಲಾ?" ಅಂದಳು.

"ಬ್ಲೇಡನ್ನ ಬಡಿದು ನೇರ ಮಾಡೋದು ಕಟುಕರ ಕೆಲಸ. ಅಂಗಡಿಯಿಂದ ಹೊಸದು ತರಿಸು," ಅಂದೆ. ನೋಡಿ, ಅಷ್ಟೆಲ್ಲ ಬುದ್ಧಿಯಿತ್ತು ನನಗೆ.

ತುಕ್ಕು ಉಜ್ಜಿ ಕೆಂಪು ಬಣ್ಣ ಬಳಿದೆವು. ವಾಲಿದ ಚಕ್ರಕ್ಕೆ ಬುಷ್ ಹಾಕಿದೆವು. ಹಿಡಿಕೆಯ ಲಿವರಿಗೆ ಹೊಸ ಕೇಬಲ್ಲು. ಬೀದಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಎಲ್ಲ ಕಟ್ಟಿ, ಹೊಸ ಪ್ಲಗ್ಗು ಹಾಕಿ, ಹೊಸ ಪೆಟ್ರೋಲು ಸುರಿದು, "ಎಳಿ ಸ್ಟಾರ್ಟಿನ ಹಗ್ಗ," ಅಂದೆ.

ಎಳೆದಳು. ಹಗ್ಗ ಅರ್ಧ ಬಂದು, ಯಾರೋ ಒಳಗಿನಿಂದ ಸಿಟ್ಟಿನಲ್ಲಿ ಕಸಿದುಕೊಂಡಂತೆ ವಾಪಸ್ಸು ಜಗ್ಗಿತು. ಅವಳ ಬೆರಳು ಚುರ್ ಅಂದಿತು. ಮತ್ತೆ ಎಳೆದಳು. ಒಂದು ಸಲ ಡಬ್ ಅಂತ ಹೊಗೆ ಉಗುಳಿತು, ಅಷ್ಟೇ. ಕಾರ್ಬೊರೇಟರನ್ನು ಮತ್ತೆ ಬಿಚ್ಚಿಸಿದೆ. ಪ್ಲಗ್ಗು ಬದಲಾಯಿಸಿದೆ. ಕಿಡಿ ನೋಡಿದೆ, ನೀಲಿ ಕಿಡಿ, ಏನೂ ದೋಷವಿಲ್ಲ. ಪೆಟ್ರೋಲು ಬರುತ್ತಿದೆ, ಗಾಳಿ ಬರುತ್ತಿದೆ, ಕಿಡಿ ಬರುತ್ತಿದೆ. ಇನ್ನೇನು ಬೇಕು ಈ ಶನಿಗೆ? ದಿನವೂ ಬಿಚ್ಚುವುದು, ದಿನವೂ ಕಟ್ಟುವುದು. ಅವಳ ಬೆರಳು ಊದಿಕೊಂಡು ಸೂಜಿ ಹಿಡಿಯಲು ಆಗದಂತಾಯಿತು.

"ನೀನು ಎಳೆಯೋದೇ ಸರಿಯಿಲ್ಲ!" ಅಂತ ಕೂಗಾಡಿದೆ.

"ಹೌದು ಕಣ್ರೀ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಅಂತ ಅವಳು ತನ್ನ ಮೇಲೆಯೇ ಗಾದೆ ಹಾಕಿಕೊಂಡಳು. ಆ ಗಾದೆ ಯಾರಿಗೆ ಸೇರಬೇಕಾದದ್ದು ಅಂತ ಇಬ್ಬರಿಗೂ ಗೊತ್ತಿತ್ತು. ಆವತ್ತು ಮಧ್ಯಾಹ್ನ ಊಟ ಮಾಡದೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಎದ್ದಾಗ ಸಂಜೆಯಾಗಿತ್ತು.

ಮಾರನೇ ಬೆಳಿಗ್ಗೆ ಅವಳೇ ಬಂದು ಎಬ್ಬಿಸಿದಳು. "ಒಂದೇ ಒಂದು ಸಲ ನೋಡೋಣ, ಬನ್ನಿ."

ಲಿವರು ಒತ್ತಿ ಹಿಡಿದು ಎಳೆದಳು. ಮೊದಲ ಎಳೆತಕ್ಕೇ ಎದ್ದುಬಿಟ್ಟಿತು! ಎಂಥ ಸದ್ದು ಅಂತೀರಿ, ಒಂದು ಚೂರೂ ತಡವರಿಕೆಯಿಲ್ಲ. ಮನೆಯ ಹಿಂದಿನ ಜಾಗದಲ್ಲಿ ಮೊಣಕಾಲೆತ್ತರ ಬೆಳೆದ ಹುಲ್ಲಿನಲ್ಲಿ ಅವಳು ಅದನ್ನು ತಳ್ಳಿಕೊಂಡು ಹೋದಳು, ತಿರುಗಿ ಬಂದಳು, ಸೆರಗಿನ ತುಂಬ ಹುಲ್ಲು. ನಾನು ಅತ್ತೆ. ನಾಚಿಕೆಯೇನು ಅದರಲ್ಲಿ, ಗಟ್ಟಿಯಾಗಿಯೇ ಅತ್ತೆ. ಅವಳು ಮೆಷಿನ್ನು ನಿಲ್ಲಿಸಿ ಬೋಲ್ಟುವಿಗೆ ಫೋನು ಮಾಡಿದಳು. ನಾಳೆ ಬೆಳಿಗ್ಗೆಯೇ ಬರುತ್ತೇನೆ ಅಂದನಂತೆ. ಅವಳು ಪೆಟ್ಟಿಗೆಯಿಂದ ನನ್ನ ಕೆಲಸದ ಅಂಗಿ ತೆಗೆದು ಇಸ್ತ್ರಿ ಮಾಡಿದಳು. ಗ್ರೀಸಿನ ಕಲೆಯ ಅಂಗಿಗೆ ಇಸ್ತ್ರಿ!

ಇಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಹಾಳು ಪದ್ಧತಿ ನೋಡಿ. ಮೊದಲ ಸಲ ಓಡಿದ ಎಂಜಿನ್ನು ತಣ್ಣಗಾದ ಮೇಲೆ ಅದರ ನೆತ್ತಿಯಲ್ಲಿ ತಿರುಗುವ ಭಾರದ ಚಕ್ರದ, ಅಂದರೆ ಫ್ಲೈವೀಲಿನ, ನಟ್ಟಿನ ಬಿಗಿ ನೋಡದೆ ನಾನು ಯಾವ ಮೆಷಿನ್ನನ್ನೂ ಹೊರಗೆ ಬಿಟ್ಟವನಲ್ಲ. ಸಂಜೆ ಮೇಲಿನ ಮುಚ್ಚಳ ತೆಗೆಸಿದೆ. ಎಡಗೈಯಲ್ಲಿ ಸ್ಪ್ಯಾನರ್ ಹಾಕಿ ಮುಟ್ಟಿದೆ. ಕಲ್ಲಿನ ಹಾಗೆ ಕೂತಿತ್ತು, ಮೂಲೆಗಳಲ್ಲಿ ಸ್ಪ್ಯಾನರಿನ ಹೊಸ ಗೀರುಗಳು. ಅಷ್ಟು ಬಿಗಿ ನನ್ನ ಎಡಗೈಯಿಂದ ಬರುವಂಥದ್ದಲ್ಲ. ಅದಕ್ಕಿಂತ ಹೆಚ್ಚಾಗಿ, ಆ ನಟ್ಟನ್ನು ನಾವು ಯಾವತ್ತಾದರೂ ಬಿಚ್ಚಿದ ನೆನಪೇ ನನಗಿರಲಿಲ್ಲ.

"ಬಿಚ್ಚು ಇದನ್ನ," ಅಂದೆ.

"ಓಡ್ತಾ ಇದೆಯಲ್ರೀ, ಯಾಕೆ?"

"ಬಿಚ್ಚು ಅಂದ್ರೆ ಬಿಚ್ಚು."

ಸುತ್ತಿಗೆಯಿಂದ ಸ್ಪ್ಯಾನರಿಗೆ ಹೊಡೆದು ಬಿಚ್ಚಿದಳು. ಶಾಫ್ಟಿಗೂ ಫ್ಲೈವೀಲಿಗೂ ನಡುವಿನ ಕಚ್ಚಿನಲ್ಲಿ ಕಡಲೆಕಾಳಿಗಿಂತ ಸಣ್ಣ ಲೋಹದ ತುಂಡು ಕೂತಿತ್ತು. ಸುತ್ತಲೂ ತುಕ್ಕು, ಅದೊಂದು ಮಾತ್ರ ಪಳಪಳ ಹೊಸದು. ಒಂದು ಕ್ಷಣ ಅದೇನು ಅಂತಲೇ ನನಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು.

ಅದಕ್ಕೆ ನಾವು ಕೀ ಅನ್ನುತ್ತೇವೆ. ಫ್ಲೈವೀಲನ್ನು ಅದರ ಜಾಗದಲ್ಲಿ ಹಿಡಿದಿಡುವುದು ಅದೇ. ಬ್ಲೇಡು ಕಲ್ಲಿಗೆ ಬಡಿದರೆ ಎಂಜಿನ್ನು ಉಳಿಯಲಿ ಅಂತ ತಾನು ತುಂಡಾಗುತ್ತದೆ. ಅದು ತುಂಡಾದರೆ ಫ್ಲೈವೀಲು ಜರುಗುತ್ತದೆ, ಕಿಡಿಯೇನೋ ಬರುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತದೆ. ಹಗ್ಗ ಹಿಂದಕ್ಕೆ ಜಗ್ಗುತ್ತದೆ. ಕಲ್ಲಿಗೆ ಬಡಿದ ಮೆಷಿನ್ನು ಬಂದರೆ ಮೊದಲು ಕೀ ನೋಡು ಅಂತ ಅಂಗಡಿಗೆ ಕೆಲಸ ಕಲಿಯಲು ಬಂದವರಿಗೆಲ್ಲ ತಲೆಗೆ ಮೊಟಕಿ ಕಲಿಸಿದವನು ನಾನು. ಸೊಟ್ಟ ಬ್ಲೇಡು ಕಣ್ಣೆದುರು ಇತ್ತು. ಜಗ್ಗುವ ಹಗ್ಗ ಅವಳ ಬೆರಳು ಮುರಿಯುತ್ತಿತ್ತು. ಅಷ್ಟು ದಿನವೂ ನನ್ನ ತಲೆಗೆ ಕೀ ಅನ್ನುವುದು ಬರಲೇ ಇಲ್ಲ. ಮರೆತಿದ್ದೆ ಅಂದರೂ ತಪ್ಪಾಗುತ್ತದೆ. ಮರೆತದ್ದು ಎಲ್ಲೋ ಕೆರೆಯುತ್ತಿರುತ್ತದೆ. ನನ್ನ ಪಾಲಿಗೆ ಅಂಥದ್ದೊಂದು ವಸ್ತು ಜಗತ್ತಿನಲ್ಲೇ ಇರಲಿಲ್ಲ.

"ಇದನ್ನ ಹಾಕಿದ್ದು ಯಾರು?" ಅಂದೆ.

"ಯಾವುದನ್ನ?"

"ಈ ಕೀ. ನಾನು ಮಲಗಿದ್ದಾಗ ಬೋಲ್ಟು ಬಂದಿದ್ನಾ?"

ಅವಳು ಗೋಣಿಚೀಲ ಮಡಚತೊಡಗಿದಳು. "ಯಾಕೆ ಬರ್ತಾನೆ? ನೀವೇ ಅಲ್ವಾ ಹಾಕಿಸಿದ್ದು. ನಿಮ್ಮ ಡಬ್ಬಿಯಿಂದ ತೆಗೆದು ಕೊಟ್ರಿ, ಹಿಂಗೆ ಕೂರಿಸು ಅಂದ್ರಿ, ಕೂರಿಸಿದೆ. ಸುತ್ತಿಗೇಲಿ ಹೊಡೆದು ಬಿಗಿ ಮಾಡು ಅಂದ್ರಿ, ಮಾಡಿದೆ."

"ಯಾವಾಗ?"

"ಮೊನ್ನೆ ಸಂಜೆ. ಎದ್ದ ಮೇಲೆ."

ಮದುವೆಯಾದಾಗಿನಿಂದ ಇವಳಿಗೆ ಸುಳ್ಳು ಹೇಳಲು ಬರುವುದಿಲ್ಲ ಅಂತಲೇ ನಂಬಿಕೊಂಡು ಬಂದವನು ನಾನು. ಮೊನ್ನೆ ಅಂದರೆ ಯಾವ ದಿನ? ನಾನು ಮಲಗಿ ಎದ್ದದ್ದು ನಿನ್ನೆಯಲ್ಲವೇ? ಎಷ್ಟು ತಿಣುಕಿದರೂ ಆ ಸಂಜೆಯಲ್ಲಿ ಟೀ ಲೋಟ ಕಾಣುತ್ತದೆ, ಹೊಲಿಗೆಯ ಸದ್ದು ಕೇಳುತ್ತದೆ, ಕೀ ಕಾಣುವುದಿಲ್ಲ. ಅವಳು ಸುಳ್ಳು ಹೇಳಿದ್ದರೆ ನಾನು ಕಸುಬನ್ನೇ ಕಳೆದುಕೊಂಡಿದ್ದೇನೆ. ನಿಜ ಹೇಳಿದ್ದರೆ ನಿನ್ನೆ ಮೊನ್ನೆಯನ್ನೇ ಕಳೆದುಕೊಂಡಿದ್ದೇನೆ. ಅತ್ತ ದರಿ, ಇತ್ತ ಪುಲಿ. ಕೈ ಹೋದಾಗ ಇಷ್ಟು ಹೆದರಿರಲಿಲ್ಲ. ಕೈ ಹೋದದ್ದು ಗೊತ್ತಾಗಿತ್ತು. ಇದು ಹೋದದ್ದೇ ಗೊತ್ತಾಗಲಿಲ್ಲ. ಇನ್ನೂ ಏನೇನು ಹೀಗೆ ಸದ್ದಿಲ್ಲದೆ ಹೋಗಿದೆಯೋ, ಯಾರನ್ನು ಕೇಳಲಿ?

ಬೆಳಿಗ್ಗೆ ಬೋಲ್ಟು ಬಂದಾಗ ನಾನು ಅಂಗಿ ಹಾಕಿಕೊಂಡು ಕೂತಿದ್ದೆ. ಗುಂಡಿ ಹಾಕಿದ್ದು ಅವಳು.

"ಏಳು ಮೇಸ್ತ್ರಿ, ಹೊರಗೆ ಗಾಡಿ ನಿಲ್ಸಿದೀನಿ," ಅಂದ.

"ಕೀ ಹಾಕಿದ್ದು ನೀನಾ?"

"ಯಾವ ಕೀ?" ಅಂದ. ಕ್ಷಣ ಬಿಟ್ಟು, "ಓ, ಅದಾ? ನೀನೇ ಹಾಕಿದ್ದಂತಲ್ಲ. ಅತ್ತಿಗೆ ಫೋನಲ್ಲಿ ಹೇಳಿದ್ರು."

ಇಬ್ಬರೂ ಒಂದೇ ಮಾತು. ಸೇರಿ ಹೊಸೆದದ್ದಾದರೆ ಚೆನ್ನಾಗಿಯೇ ಹೊಸೆದಿದ್ದರು. ನಾನು ಹೇಳಿದೆ: "ಅದು ಯಾರೇ ಹಾಕಿರಲಿ ಬೋಲ್ಟು, ನನಗೆ ಅದರ ನೆನಪಿಲ್ಲ. ನಾಳೆ ಯಾರದೋ ಮೆಷಿನ್ನಲ್ಲಿ ಬ್ಲೇಡಿನ ನಟ್ಟು ಬಿಗಿ ಮಾಡೋದೇ ನೆನಪಾಗದೆ ಹೋದ್ರೆ? ಬ್ಲೇಡು ಹಾರಿ ಯಾರ ಕಾಲಿಗೆ ಬೀಳುತ್ತೋ. ನಾನು ಬರಲ್ಲ. ನನ್ನ ಬೆಂಚಿಗೆ ಬೇರೆ ಯಾರನ್ನಾದ್ರೂ ಕೂರಿಸ್ಕೋ."

"ರೀ..." ಅಂದಳು ನಮ್ಮವಳು.

ಹೇಳಿಬಿಟ್ಟು ನಾನು ಕಾದೆ. ಬೋಲ್ಟು ಬೈಯುತ್ತಾನೆ ಅಂತ ಕಾದೆ. ನಾನು ಎಡ ಅಂದರೆ ಬಲ ಅನ್ನುವವನು ಅವನು. ಅಂಗಡಿಯ ಬಾಗಿಲಿಗೆ ಬಳಿಯುವ ಬಣ್ಣದಿಂದ ಹಿಡಿದು ಗ್ರೀಸಿನ ಡಬ್ಬಿ ಎಲ್ಲಿಡಬೇಕು ಅನ್ನುವವರೆಗೆ ನಾವು ಜಗಳವಾಡದ ವಿಷಯವಿರಲಿಲ್ಲ. "ತಲೆ ಕೆಟ್ಟಿದೆಯಾ ನಿಂಗೆ, ಏಳು, ಹೊತ್ತಾಯ್ತು," ಅಂತ ಒಂದು ಸಲ ಗದರಿಸಿದ್ದರೆ ಸಾಕಿತ್ತು. ಎದ್ದುಬಿಡುತ್ತಿದ್ದೆ. ದೇವರಾಣೆಗೂ ಎದ್ದು ಅವನ ಹಿಂದೆ ನಡೆದುಬಿಡುತ್ತಿದ್ದೆ.

ಅವನು ನಮ್ಮವಳ ಮುಖ ನೋಡಿದ, ಆಮೇಲೆ ನೆಲ ನೋಡಿದ. ಜೇಬಿನಲ್ಲಿ ಗಾಡಿಯ ಕೀಗೊಂಚಲನ್ನು ಸ್ವಲ್ಪ ಹೊತ್ತು ಆಡಿಸಿದ.

"ನೀನು ಹೇಳೋದೂ ಸರೀನೇ, ಮೇಸ್ತ್ರಿ," ಅಂದ.

ಇಷ್ಟು ವರ್ಷದಲ್ಲಿ ಅವನು ನನ್ನ ಮಾತನ್ನು ಎದುರಾಡದೆ ಒಪ್ಪಿಕೊಂಡದ್ದು ಅದೇ ಮೊದಲು.